ಟಿಫನ್ ಡಬ್ಬಿ ಬರೋಕೆ ಶುರುವಾದ್ಮೇಲೆ ಅಜ್ಜಿ ಯಾಕೆ ಬಿದ್ರು: ಒಂದು ವಠಾರದ ಪ್ರಕರಣ

ನಾವು ಮಾಡಿದ ಸಹಾಯದಿಂದಾನೇ ಒಬ್ಬರು ಅಜ್ಜಿಗೆ ತೊಂದರೆ ಆಯ್ತು, ಅದು ಗೊತ್ತಾಗೋಕೆ ನಮಗೆ ನಾಲ್ಕು ತಿಂಗಳು ಹಿಡೀತು. ವಯಸ್ಸಾದವರ ಜೊತೆ ಕೆಲಸ ಮಾಡೋ ಬೇರೆ ಏರಿಯಾದವರಿಗೆ ಉಪಯೋಗ ಆಗ್ಲಿ ಅಂತ ಪೂರ್ತಿ ಬರೀತಿದೀನಿ. ಅಜ್ಜಿನ ಕೇಳೇ ಬರೀತಿರೋದು. ಅವರ ಹೆಸರು, ಬೀದಿ, ಆಸ್ಪತ್ರೆ, ಡಾಕ್ಟರು ಯಾವುದೂ ಇಲ್ಲಿ ಬರಲ್ಲ, ಗುರುತು ಸಿಗಬಾರ್ದು ಅಂತ ಒಂದೆರಡು ಸಣ್ಣ ವಿವರ ಬದಲಾಯಿಸಿದೀನಿ.

ಹಿನ್ನೆಲೆ

ಮೈಸೂರಿನ ಒಂದು ಹಳೇ ಬಡಾವಣೆ ನಮ್ಮದು. 2020ರ ಲಾಕ್‌ಡೌನ್ ಟೈಮಲ್ಲಿ ಒಂಟಿಯಾಗಿರೋ ವಯಸ್ಸಾದವರಿಗೆ ಮಾತ್ರೆ, ತರಕಾರಿ ತಂದ್ಕೊಡೋಕೆ ಅಂತ ಒಂದಷ್ಟು ಜನ ಸೇರ್ಕೊಂಡ್ವಿ, ಅದು ಹಾಗೇ ಮುಂದುವರೀತು. ಈಗ ಒಂಬತ್ತು ಜನ ಇದೀವಿ, ಅದ್ರಲ್ಲಿ ಒಬ್ಬರು ರಿಟೈರ್ಡ್ ನರ್ಸು (ನಾವೆಲ್ಲ ಸಿಸ್ಟರ್ ಅಂತೀವಿ), ಇಬ್ಬರು ಮೇಷ್ಟ್ರು, ಒಬ್ಬ ಆಟೋ ಓಡ್ಸೋ ಹುಡುಗ, ಉಳಿದೋರು ನನ್ನ ತರ ಮನೇಲಿರೋರು. ಆಫೀಸು ಬೋರ್ಡು ಏನೂ ಇಲ್ಲ, ಒಂದು ನೋಟ್‌ಬುಕ್ಕು, ಒಂದು ವಾಟ್ಸಾಪ್ ಗ್ರೂಪು, ಒಂದು ಬಿಪಿ ಮಿಷನ್ನು, ಅಷ್ಟೇ.

ಅಜ್ಜಿಗೆ ಆಗ 76. ವಠಾರದಲ್ಲಿ ಎರಡು ರೂಮಿನ ಬಾಡಿಗೆ ಮನೆ, ಸಾಲಾಗಿ ಆರು ಮನೆ, ನಲ್ಲಿ ಅಂಗಳದಲ್ಲಿ, ಕಕ್ಕಸು ಬಚ್ಚಲು ಹಿಂದಕ್ಕೆ. ಗಂಡ ತೀರ್ಕೊಂಡು ಹನ್ನೊಂದು ವರ್ಷ. ಮದುವೆ ಆದಾಗಿಂದ ಊದುಬತ್ತಿ ಹೊಸೆದವರು, ಮೈಸೂರಲ್ಲಿ ಎಷ್ಟೋ ಮನೆ ನಡೆದಿರೋದು ಆ ಕೆಲಸದಿಂದಾನೇ. ನಲವತ್ತು ವರ್ಷ ಹಲಗೆ ಮೇಲೆ ಕೈ ಉಜ್ಜಿ ಉಜ್ಜಿ ಬೆರಳಿನ ಗೆರೆ ಪೂರ್ತಿ ಸವೆದು ಹೋಗಿದೆ, ಈ ವಿಷಯ ಆಮೇಲೆ ಬರುತ್ತೆ. ತಿಂಗಳ ವರಮಾನ ಅಂದ್ರೆ ಸಂಧ್ಯಾ ಸುರಕ್ಷಾ ಪಿಂಚಣಿ 1,200, ಗೃಹಲಕ್ಷ್ಮಿ 2,000, ಬೆಂಗಳೂರಲ್ಲಿರೋ ಮಗ ಕಳಿಸೋ 3,000. ಬಿಪಿ ಇದೆ, ಶುಗರ್ ಇದೆ, ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಇನ್ನೊಂದು ಬಾಕಿ.

2023ರ ಡಿಸೆಂಬರಲ್ಲಿ ಒಂದು ದಿನ ಬೆಳಗಿನ ಜಾವ ನಾಲ್ಕೂವರೆಗೆ ಕಕ್ಕಸಿಗೆ ಹೋಗಿ ಎದ್ದು ಬರುವಾಗ ಬಚ್ಚಲ ಕಲ್ಲಿನ ಮೇಲೆ ಬಿದ್ರು. ಪಕ್ಕದ್ಮನೆ ಹುಡುಗಿ ನೀರು ಹಿಡಿಯೋಕೆ ಎದ್ದಾಗ ನೋಡಿದ್ದು, ಅಷ್ಟೊತ್ತಿಗೆ ಅರ್ಧ ಗಂಟೆ ಮೇಲಾಗಿತ್ತು. ಬಲಗೈ ಮಣಿಕಟ್ಟು ಮುರಿದಿತ್ತು, ತಲೇಲಿ ನಾಲ್ಕು ಹೊಲಿಗೆ. ಆರು ವಾರ ಪ್ಲಾಸ್ಟರ್.

ಮಗ ಓಡಿ ಬಂದ. ಅವನದ್ದು ಮೂರನೇ ಫ್ಲೋರಲ್ಲಿ ಒಂದು ರೂಮು ಹಾಲಿನ ಮನೆ, ಲಿಫ್ಟಿಲ್ಲ, ಅಲ್ಲಿಗೆ ಕರ್ಕೊಂಡು ಹೋದ್ರೆ ಅಜ್ಜಿ ಕೆಳಗಿಳಿಯೋದೇ ಇಲ್ಲ ಅಂತ ಅವನಿಗೂ ಗೊತ್ತು, ಅದಕ್ಕೇ ವೃದ್ಧಾಶ್ರಮದ ಮಾತು ತೆಗೆದ. ವಠಾರದಲ್ಲಿ ಒಬ್ಬರು ಇದನ್ನ ಕೇಳಿ ಸಿಟ್ಟಾಗಿ, 2007ರ ಕಾನೂನಿದೆ, ಎಸಿ (ಉಪವಿಭಾಗಾಧಿಕಾರಿ) ಸಾಹೇಬ್ರ ಹತ್ರ ಅರ್ಜಿ ಹಾಕಿ, ಮಗನಿಂದ ತಿಂಗಳಿಗೆ ಹತ್ತು ಸಾವಿರದವರೆಗೂ ಕೊಡಿಸ್ತಾರೆ, ಲಾಯರೂ ಬೇಕಿಲ್ಲ ಅಂದ್ರು. ಹೇಳಿದ್ದು ಸರಿಯೇ, ಹಿರಿಯ ನಾಗರಿಕರ ಆ ಕಾಯ್ದೆ ನಿಜವಾಗ್ಲೂ ಹಾಗೇ ಇದೆ, ಮಕ್ಕಳು ಕೈಬಿಟ್ಟ ಬೇರೆ ಇಬ್ಬರಿಗೆ ನಾವೇ ಅರ್ಜಿ ಬರ್ಕೊಟ್ಟಿದೀವಿ. ಆದ್ರೆ ಅಜ್ಜಿ ಮಾತ್ರ "ಅವ್ನೇನು ನನ್ನ ಬಿಟ್ಟಿಲ್ಲ ಕಣಮ್ಮ, ಅವ್ನಿಗೇ ಇಲ್ಲ" ಅಂದ್ಬಿಟ್ರು. ಆಶ್ರಮಕ್ಕೂ ಬೇಡ, ಬೆಂಗಳೂರಿಗೂ ಬೇಡ, ಕೇಸೂ ಬೇಡ, ನಾನು ಇಲ್ಲೇ ಇರ್ತೀನಿ. ಅವರು ಕೇಳಿದ್ದು ಅಷ್ಟೇ. ಅದಕ್ಕೆ ದಾರಿ ಮಾಡ್ಕೊಡೋದು ನಮ್ಮ ಕೆಲಸ ಆಯ್ತು.

ಮೊದಲು ನಾವು ಮಾಡಿದ್ದು

ಆಗ ನಮ್ಮ ತಲೇಲಿ ಇದ್ದಿದ್ದು ಒಂದೇ, ಅಜ್ಜಿ ಇನ್ನೊಂದ್ಸಲ ಬೀಳಬಾರ್ದು. ಅದಕ್ಕೆ ಏನೇನು ಕೆಲಸದಿಂದ ಬೀಳಬಹುದೋ ಅದನ್ನೆಲ್ಲ ಅವರ ಕೈಯಿಂದ ತೆಗೆದ್ವಿ. ಬೆಳಿಗ್ಗೆ ತಿಂಡಿ, ಮಧ್ಯಾಹ್ನದ ಊಟ ನಮ್ಮ ಗುಂಪಿನ ಒಬ್ಬರ ಮನೆಯಿಂದ ಡಬ್ಬೀಲಿ ಹೋಗೋದು. ಹಾಲು ಬಾಗಿಲಿಗೆ. ನೀರು ಪಕ್ಕದ್ಮನೆ ಹುಡುಗಿ ತುಂಬಿಸೋಳು. ರೇಷನ್ ನಮ್ಮೋರೇ ತರೋದು. ಒಂದು ಕೈಗೆ ಪ್ಲಾಸ್ಟರ್ ಇರೋವಾಗ ಒಲೆ ಹಚ್ಚೋದು ಬೇಡ ಅಂತ ಗ್ಯಾಸ್ ಸ್ಟೌ ಎತ್ತಿ ಅಟ್ಟದ ಮೇಲೆ ಇಟ್ವಿ. ರಂಗೋಲಿ ಬೇಡ, ಬಗ್ಗಬೇಡಿ. ಒಬ್ಬರೇ ಆಚೆ ಹೋಗ್ಬೇಡಿ. ವಾಕರ್ ಕೊಡಿಸಿದ್ವಿ. ಎಲ್ಲ ಪ್ರೀತಿಯಿಂದಾನೇ, ಗ್ರೂಪಲ್ಲಿ ದಿನಾ ಫೋಟೋ ಬರೋದು, ಅಜ್ಜಿ ಡಬ್ಬಿ ಮುಂದೆ ಕೂತಿರೋದು, ನೋಡಿ ನಮಗೆಲ್ಲ ಸಮಾಧಾನ.

ಜನವರಿ ಕೊನೇಲಿ ಪ್ಲಾಸ್ಟರ್ ತೆಗೆದ್ರು. ಆಗ್ಲೇ ಸ್ಟೌ ಕೆಳಗಿಳಿಸಬೇಕಿತ್ತು. ಯಾರೂ ಇಳಿಸ್ಲಿಲ್ಲ, ಯಾಕಂದ್ರೆ ವ್ಯವಸ್ಥೆ ಚೆನ್ನಾಗಿ ನಡೀತಿದೆ ಅನ್ಕೊಂಡಿದ್ವಿ. ಈ ಪ್ರಕರಣದಲ್ಲಿ ನಾವು ಎಡವಿದ ಜಾಗ ಯಾವುದು ಅಂದ್ರೆ ನಾನು ಇದನ್ನೇ ತೋರಿಸ್ತೀನಿ, ಆರು ವಾರಕ್ಕೆ ಅಂತ ಶುರು ಮಾಡಿದ್ದಕ್ಕೆ ಕೊನೇ ದಿನ ಅಂತ ಬರೆದಿಟ್ಟಿರ್ಲಿಲ್ಲ.

ಫೆಬ್ರವರೀಲಿ ಅಜ್ಜಿ ಮತ್ತೆ ಬಿದ್ರು, ಈ ಸಲ ಮನೆ ಒಳಗೇ, ಗೋಡೆಗೆ ಒರಗಿಕೊಂಡು ಹಾಗೇ ಕುಸಿದ್ರು. ಮಾರ್ಚಲ್ಲಿ ಇನ್ನೊಂದ್ಸಲ. ಎರಡ್ಸಲಾನೂ ಏಟಾಗ್ಲಿಲ್ಲ, ಪುಣ್ಯ. ಬಿದ್ದ ಹೊತ್ತಲ್ಲಿ ಬಚ್ಚಲಿಗೆ ಹೋಗ್ತಿರ್ಲಿಲ್ಲ, ನೀರು ಹೊರ್ತಿರ್ಲಿಲ್ಲ, ಆಚೆ ಹೋಗೋದಂತೂ ಪೂರ್ತಿ ನಿಂತೇ ಹೋಗಿತ್ತು, ಆದ್ರೂ ಬೀಳ್ತಿದಾರೆ. ವಯಸ್ಸಾಯ್ತಲ್ಲ ಅಂದ್ರು ಎಲ್ಲರೂ. ಮಗ ಮತ್ತೆ ಆಶ್ರಮದ ನಂಬರ್ ಕೇಳಿದ.

ಏಪ್ರಿಲ್‌ನಲ್ಲಿ ಸಿಸ್ಟರ್ ತೂಕ ನೋಡಿದ್ರು, ಪ್ಲಾಸ್ಟರ್ ತೆಗೆದ ವಾರ 47 ಕೆಜಿ ಇದ್ದೋರು 42ಕ್ಕೆ ಬಂದಿದ್ರು. ಇನ್ನೊಂದು ಸುಲಭದ ಪರೀಕ್ಷೆ ಇದೆ, ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರೋಕೆ ಎಷ್ಟು ಸೆಕೆಂಡ್ ಅಂತ ನೋಡೋದು, 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಬೀಳೋ ಅಪಾಯ ಇದೆ ಅಂತ ಲೆಕ್ಕ. ಯಾರು ಬೇಕಾದ್ರೂ ಮೊಬೈಲಲ್ಲಿ ಸ್ಟಾಪ್‌ವಾಚ್ ಇಟ್ಕೊಂಡು ಮಾಡಬಹುದು, ದಯವಿಟ್ಟು ಕಲಿತ್ಕೊಳ್ಳಿ. ಅಜ್ಜಿಗೆ ಜನವರೀಲಿ 15 ಆಗಿತ್ತು, ಏಪ್ರಿಲಲ್ಲಿ 23. ಮೂರು ತಿಂಗಳು ಕೂರಿಸಿ ಊಟ ಹಾಕಿದ್ದಕ್ಕೆ ಬಂದ ಫಲ.

ಡಬ್ಬಿ ಸುರಿದ ದಿನ

ಸಿಸ್ಟರ್ ಆವತ್ತು ಎರಡು ಕೆಲಸ ಮಾಡಿದ್ರು. ಮೊದಲನೇದು, ಮೂರು ಸಲ ಬಿದ್ದಿದ್ದು ಎಷ್ಟೆಷ್ಟು ಗಂಟೆಗೆ ಅಂತ ಕೇಳಿದ್ರು. ನಮ್ಮ ನೋಟ್‌ಬುಕ್ಕಲ್ಲಿ ತಾರೀಖಿತ್ತು, ಟೈಮ್ ಇರ್ಲಿಲ್ಲ. ಹುಡುಗಿ ನೆನಪು ಮಾಡ್ಕೊಂಡು ಹೇಳಿದ್ಲು, ಮೊದಲನೇ ಸಲ ಬೆಳಗಿನ ಜಾವ, ಆಮೇಲಿನ ಎರಡೂ ಬೆಳಿಗ್ಗೆ ಹತ್ತರ ಆಸುಪಾಸು, ಟಿಫನ್ ಡಬ್ಬಿ ಬರೋಕೆ ಸ್ವಲ್ಪ ಮುಂಚೆ.

ಎರಡನೇದು, ಅಜ್ಜಿಯ ಸ್ಟೀಲ್ ಡಬ್ಬೀಲಿದ್ದ ಮಾತ್ರೆಯೆಲ್ಲ ಪೇಪರ್ ಮೇಲೆ ಸುರಿದ್ರು. ಒಂದೇ ಬಿಪಿ ಮಾತ್ರೆ, ಆಮ್ಲೋಡಿಪಿನ್, ಎರಡು ಕಂಪನಿ ಹೆಸರಲ್ಲಿ ಎರಡು ಶೀಟು, ಒಂದು ಮುಂಚಿನಿಂದ ತಗೊಳ್ತಿದ್ದಿದ್ದು, ಇನ್ನೊಂದು ಕೈ ಮುರಿದಾಗ ಡಿಸ್ಚಾರ್ಜಲ್ಲಿ ಬರ್ಕೊಟ್ಟಿದ್ದು, ಅಜ್ಜಿ ಎರಡನ್ನೂ ನುಂಗ್ತಿದ್ರು. ಹಳೇ ಚೀಟಿ ತೋರ್ಸಿ ತೋರ್ಸಿ ತರಿಸ್ಕೊಳ್ತಿದ್ದ ನಿದ್ದೆ ಮಾತ್ರೆ, ಆಲ್ಪ್ರಜೋಲಾಮ್, ಗಂಡ ಹೋದಾಗ ಯಾರೋ ಕೊಟ್ಟಿದ್ದು, ಆವತ್ತಿಂದ ಬಿಟ್ಟಿಲ್ಲ. ಆಮೇಲೆ ಶುಗರ್‌ಗೆ ಗ್ಲಿಮೆಪಿರೈಡ್.

ಮಲಗಿಸಿ ಬಿಪಿ ನೋಡಿದ್ರೆ ಮೇಲಿನ ನಂಬರ್ 148. ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದ್ರೆ 116. ನಿಂತ ಮೂರು ನಿಮಿಷದೊಳಗೆ ಮೇಲಿನದು 20 ಅಥವಾ ಕೆಳಗಿನದು 10 ಇಳಿದ್ರೂನೇ ತಲೆಸುತ್ತಿ ಬೀಳೋಕೆ ಕಾರಣ ಆಗುತ್ತೆ, ಇದು 32. ನಾವು ವರ್ಷಾನುಗಟ್ಟಲೆ ಎಲ್ಲರಿಗೂ ಕೂರಿಸಿ ಬಿಪಿ ನೋಡಿದೀವಿ, ಒಂದು ದಿನಾನೂ ನಿಲ್ಲಿಸಿ ನೋಡಿರ್ಲಿಲ್ಲ.

ಮಾರನೇ ದಿನ ಸಿಸ್ಟರ್ ಬೆಳಿಗ್ಗೆ ಏಳಕ್ಕೇ ಹೋಗಿ ಸುಮ್ಮನೆ ಕೂತ್ರು. ಏಳೂವರೆಗೆ ಅಜ್ಜಿ ಕಾಫಿ ಜೊತೆ ಶುಗರ್ ಮಾತ್ರೆ ತಗೊಂಡ್ರು. ಡಬ್ಬಿ ಬರೋದು ಹತ್ತೂವರೆಗೆ, ಯಾಕಂದ್ರೆ ಹನ್ನೊಂದು ಮನೆಗೆ ಡಬ್ಬಿ ಹೋಗ್ತಿತ್ತು, ಆಟೋ ಬರೋ ದಾರೀಲಿ ಅಜ್ಜಿ ಮನೆ ಕೊನೇದು. ಹತ್ತು ಗಂಟೆಗೆ ಬೆರಳು ಚುಚ್ಚಿ ನೋಡಿದ್ರೆ ಶುಗರ್ 61. 70ರ ಕೆಳಗೆ ಬಂದ್ರೇ ಲೋ ಅಂತ. ಗ್ಲಿಮೆಪಿರೈಡ್ ಹೊಟ್ಟೇಲಿ ಊಟ ಇದ್ಯೋ ಇಲ್ವೋ ನೋಡಲ್ಲ, ಶುಗರ್ ಇಳಿಸ್ತಾನೇ ಹೋಗುತ್ತೆ, ಅದನ್ನ ತಿಂಡಿ ಜೊತೆಗೇ ತಗೋಬೇಕು.

ಅಜ್ಜಿ ಮುಂಚೆ ಏನು ಮಾಡ್ತಿದ್ರು ಅಂತ ಕೇಳಿದ್ವಿ. "ಎಂಟಕ್ಕೆಲ್ಲ ಉಪ್ಪಿಟ್ಟೋ ಅಂಬ್ಲಿಯೋ ಮಾಡ್ಕೊಂಡು ಮಾತ್ರೆ ತಗೋತಿದ್ದೆ." ಹನ್ನೆರಡು ವರ್ಷದಿಂದ ಯಾರೂ ಹೇಳಿಕೊಡದೆ ಅವರ ಶುಗರ್ ಕಾಪಾಡ್ತಿದ್ದಿದ್ದು ಆ ಎಂಟು ಗಂಟೆ ಒಲೆ. ಅದನ್ನ ನಾವು ಅಟ್ಟದ ಮೇಲೆ ಇಟ್ಟಿದ್ವಿ.

ನಾನು ಕೇಳಿದೆ, ಅಜ್ಜಿ, ಹಸಿವಾಗುತ್ತೆ, ಡಬ್ಬಿ ಬೇಗ ಕಳಿಸಿ ಅಂತ ಒಂದ್ಮಾತು ಹೇಳ್ಬೋದಿತ್ತಲ್ಲ. ಅವರು ನನ್ನ ಮುಖ ನೋಡಿ "ಬಿಟ್ಟಿ ಊಟಕ್ಕೆ ಟೈಮ್ ಕೇಳಕ್ಕಾಗುತ್ತೇನಮ್ಮ" ಅಂದ್ರು. ಆ ಮಾತು ಕೇಳಿದ್ಮೇಲೆ ನನಗೆ ಎರಡು ದಿನ ಸರಿಯಾಗಿ ನಿದ್ದೆ ಬರ್ಲಿಲ್ಲ.

ವಾಪಸ್ ಕೊಟ್ಟಿದ್ದು

ಮೊದಲು ಡಾಕ್ಟ್ರ ಹತ್ರ, ಎಲ್ಲ ಶೀಟನ್ನೂ ಚೀಲದಲ್ಲಿ ಹಾಕ್ಕೊಂಡು. ಎರಡನೇ ಬಿಪಿ ಮಾತ್ರೆ ನಿಲ್ಲಿಸಿದ್ರು. ಶುಗರ್ ಮಾತ್ರೆ ಕಮ್ಮಿ ಮಾಡಿದ್ರು, ಈ ವಯಸ್ಸಲ್ಲಿ ಶುಗರ್‌ನ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ ಅನ್ನೋ ಟೆಸ್ಟು) ಎಂಟರ ಹತ್ರ ಇದ್ರೂ ನಡೆಯುತ್ತೆ, ಲೋ ಮಾತ್ರ ಆಗ್ಬಾರ್ದು ಅಂದ್ರು. ನಿದ್ದೆ ಮಾತ್ರೆನ ಒಂದೇ ಸಲ ಬಿಡೋ ಹಾಗಿಲ್ಲ, ಅದು ಅಪಾಯ, ವಾರ ವಾರ ಸ್ವಲ್ಪ ಸ್ವಲ್ಪ ಇಳಿಸ್ತಾ ಬಂದ್ರು, ಮೂರು ತಿಂಗಳ ಮೇಲೆ ಹಿಡೀತು. ಇದನ್ನ ಓದಿ ಯಾರೂ ತಾವೇ ಮಾತ್ರೆ ನಿಲ್ಲಿಸ್ಬೇಡಿ, ಡಬ್ಬಿ ಸುರಿದು ಲಿಸ್ಟ್ ಮಾಡೋದು ನಮ್ಮ ಕೆಲಸ, ಬದಲಾಯಿಸೋದು ಡಾಕ್ಟ್ರ ಕೆಲಸ.

ಆಮೇಲೆ ಅಜ್ಜಿ ಜೊತೆ ಕೂತು, ಬೀಳೋಕೆ ಮುಂಚೆ ನಿಮ್ಮ ಒಂದು ದಿನ ಹೇಗಿತ್ತು ಹೇಳಿ ಅಂತ ಕೇಳಿ ಬರ್ಕೊಂಡ್ವಿ. ಎರಡು ಗಂಟೆ ಹೇಳಿದ್ರು. ಬರೆದದ್ದನ್ನ ನೋಡ್ತಾ ಹೋದ್ರೆ ಪ್ರತಿಯೊಂದಕ್ಕೂ ಒಂದೊಂದು ಕೆಲಸ ಅಂಟಿಕೊಂಡಿತ್ತು. ಹಾಲಿನ ಬೂತಿಗೆ ಹೋಗಿ ಬರೋದು ಹತ್ತಿರ ಹತ್ತಿರ ಆರ್ನೂರು ಹೆಜ್ಜೆ, ಅವರ ಕಾಲಿಗೆ ಇದ್ದ ವ್ಯಾಯಾಮ ಅದೊಂದೇ. ದಾರೀಲಿ ಹೂವಿನವಳ ಹತ್ರ ಒಂದು ಮೊಳ ಹೂವು, ಅಜ್ಜಿ ಒಂದು ದಿನ ಬರ್ಲಿಲ್ಲ ಅಂದ್ರೆ ಹೂವಿನವಳು ವಠಾರಕ್ಕೆ ಬಂದು ವಿಚಾರಿಸ್ತಿದ್ಲು. ಮಧ್ಯಾಹ್ನ ಒಂದಿಷ್ಟು ಊದುಬತ್ತಿ, ಕೈ ಬೆರಳು ಆಡ್ತಿತ್ತು, ನಾಲ್ಕು ಕಾಸು ಬರ್ತಿತ್ತು, ಬತ್ತಿ ತಗೊಂಡು ಹೋಗೋಕೆ ಬರೋನ ಜೊತೆ ಜಗಳ ಮಾತುಕತೆ ಎಲ್ಲ ಇರ್ತಿತ್ತು. ನಾವು ಬಾಗಿಲಿಗೆ ಹಾಲು ತರ್ಸಿದ ದಿನಾನೇ ನಡೆಯೋದು, ಹೂವಿನವಳು, ಎರಡೂ ನಿಂತೋಗಿತ್ತು.

ಸ್ಟೌ ಕೆಳಗೆ ಬಂತು, ಆದ್ರೆ ನೆಲದ ಮೇಲಲ್ಲ, ಸೊಂಟದ ಎತ್ತರಕ್ಕೆ ಒಂದು ಕಬ್ಬಿಣದ ಸ್ಟ್ಯಾಂಡ್ ಮೇಲೆ. ಬಿಂದಿಗೆ ಬದಲು ಎರಡು ಸಣ್ಣ ಕೊಡ, ಅರ್ಧರ್ಧ ತುಂಬಿಸಿ ಅಜ್ಜಿನೇ ತರೋದು, ದೊಡ್ಡ ಬಕೆಟ್ ಮಾತ್ರ ಹುಡುಗಿ. ಹಾಲಿಗೆ ಮೊದಲ ಎರಡು ವಾರ ನಮ್ಮಲ್ಲಿ ಯಾರಾದ್ರೂ ಒಬ್ಬರು ಜೊತೇಲಿ ಹೋದ್ವಿ, ಕೈ ಹಿಡಿಯದೆ ಒಂದು ಹೆಜ್ಜೆ ಹಿಂದೆ. ಆಮೇಲೆ ಅವರೊಬ್ಬರೇ, ಕೋಲು ಹಿಡ್ಕೊಂಡು. ವಾಕರ್ ವಠಾರದ ಕಲ್ಲು ಹಾಸಿನ ಮೇಲೆ ಯಾವತ್ತೂ ಸರಿಯಾಗಿ ನಿಂತಿರ್ಲಿಲ್ಲ, ಅದನ್ನ ಬೇರೆಯವರಿಗೆ ಕೊಟ್ವಿ.

ಕಕ್ಕಸಿನ ವಿಷಯಕ್ಕೆ ಜಾಸ್ತಿ ಓಡಾಟ ಆಯ್ತು. ಕುಕ್ಕರುಗಾಲಲ್ಲಿ ಕೂತು ಎದ್ದಾಗ್ಲೇ ಬಿಪಿ ಇಳಿಯೋದು, ಅದಕ್ಕೆ ಮೇಲೆ ಇಡೋ ಕಮೋಡ್ ಕುರ್ಚಿ, ಗೋಡೆಗೆ ಹಿಡ್ಕೊಳ್ಳೋಕೆ ಒಂದು ರಾಡು, ಒಂದು ಎಲ್ಇಡಿ ಬಲ್ಬು, ಕಲ್ಲಿನ ಮೇಲೆ ಒರಟು ಮ್ಯಾಟು. ಓನರ್ ಗೋಡೆಗೆ ಡ್ರಿಲ್ ಮಾಡೋಕೆ ಬಿಡಲ್ಲ ಅಂದ್ರು. ಮೂರು ಸಲ ಹೋದ್ವಿ. ಕೊನೆಗೆ ಒಪ್ಕೊಂಡಿದ್ದು ನಮ್ಮ ಮಾತಿಗಲ್ಲ, ಅವರ ತಾಯೀನೂ ಹಿಂದೆ ಬಚ್ಚಲಲ್ಲೇ ಬಿದ್ದು ಸೊಂಟ ಮುರ್ಕೊಂಡಿದ್ರಂತೆ, ಅಜ್ಜಿ ಅದನ್ನ ನೆನಪು ಮಾಡಿ ಮಾತಾಡಿದ್ರು. ಎಲ್ಲ ಸೇರಿ 3,400 ರೂಪಾಯಿ ಆಯ್ತು, ಅರ್ಧ ಮಗ ಕೊಟ್ಟ.

ವ್ಯಾಯಾಮ ಅಂತ ಹೇಳಿದ್ರೆ ಅಜ್ಜಿ ಮಾಡಲ್ಲ. ಹಾಲು ಕಾಯೋವರ್ಗೂ ಸ್ಟ್ಯಾಂಡ್ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸಿ, ಟಿವೀಲಿ ಅಡ್ವರ್ಟೈಸ್‌ಮೆಂಟ್ ಬಂದಾಗೆಲ್ಲ ಕುರ್ಚಿಯಿಂದ ಐದು ಸಲ ಎದ್ದು ಕೂತ್ಕೊಳ್ಳಿ ಅಂದ್ವಿ. ಮಾಡಿದ್ರು. ಸಂಜೆ ಸೀರಿಯಲ್ಲಲ್ಲಿ ಎಷ್ಟು ಅಡ್ವರ್ಟೈಸ್‌ಮೆಂಟ್ ಬರುತ್ತೆ ಅಂತ ನಿಮಗೇ ಗೊತ್ತು.

ರೇಷನ್ ಅಂಗಡೀಲಿ ಹೆಬ್ಬೆಟ್ಟು ತಗೊಳ್ತಿರ್ಲಿಲ್ಲ, ಬೆರಳು ಸವೆದಿರೋ ಊದುಬತ್ತಿ ಹೆಂಗಸರಿಗೆ ಇದು ನಿತ್ಯದ ಗೋಳು. ಒಟಿಪಿ ಮೇಲೆ ಕೊಡ್ತಾರೆ, ಆದ್ರೆ ಆಧಾರಲ್ಲಿದ್ದ ನಂಬರ್ ತೀರ್ಕೊಂಡ ಗಂಡಂದು, ಯಾವತ್ತೋ ಬಂದ್ ಆಗಿದೆ. ಕಣ್ಣಿನ ಸ್ಕ್ಯಾನ್ ಮೇಲೆ ನಂಬರ್ ಬದಲಾಯಿಸಿದ್ವಿ, ಆಗ ಐವತ್ತು ರೂಪಾಯಿ, ಒಂದು ಬೆಳಿಗ್ಗೆ. ಅಷ್ಟು ಮಾಡಿದ್ಮೇಲೆ ರೇಷನ್ ತರೋಕೆ ನಮ್ಮ ಅವಶ್ಯಕತೆ ಇರ್ಲಿಲ್ಲ.

ರಂಗೋಲಿ ವಿಷಯದಲ್ಲಿ ನಮ್ಮಲ್ಲೇ ಒಮ್ಮತ ಇರ್ಲಿಲ್ಲ. ಬಗ್ಗಿ ಎದ್ರೆ ತಲೆ ಸುತ್ತುತ್ತೆ, ಬೇಡ ಅಂತ ಒಬ್ಬರು ಮೇಷ್ಟ್ರು. ಅಜ್ಜಿ ಬಿಡಲ್ಲ. ಕೊನೆಗೆ ಒಂದು ಗಿಡ್ಡ ಸ್ಟೂಲ್ ಮೇಲೆ ಕೂತು, ಹೊಸಿಲ ಪಕ್ಕದಲ್ಲಿ ಒಂದೇ ಎಳೆ ರಂಗೋಲಿ, ಎದ್ದೇಳುವಾಗ ಬಾಗಿಲ ಚೌಕಟ್ಟು ಹಿಡ್ಕೊಂಡು ಹತ್ತು ಎಣಿಸಿ ಆಮೇಲೆ ಹೆಜ್ಜೆ. ಇದರಿಂದ ನಮಗೊಂದು ಉಪಾಯಾನೂ ಸಿಕ್ತು. ಆರೂ ಮನೆಯವರು ನಲ್ಲಿಗೆ ಹೋಗೋದು ಅಜ್ಜಿ ಬಾಗಿಲ ಮುಂದಿಂದಾನೇ, ಏಳು ಗಂಟೆಗೆ ರಂಗೋಲಿ ಇಲ್ಲ ಅಂದ್ರೆ ಬಾಗಿಲು ತಟ್ಟಿ ಅಂತ ಎಲ್ಲರಿಗೂ ಹೇಳಿದ್ವಿ. ಕತ್ತಿಗೆ ಹಾಕೋ ಅಲಾರಂ ಬಟನ್ ಒಂದನ್ನ ಮಗ ಆನ್‌ಲೈನಲ್ಲಿ ನೋಡಿದ್ದ, ಅದನ್ನ ತರ್ಲಿಲ್ಲ. ಬದಲಿಗೆ ಮಗ ದಿನಾ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಫೋನ್ ಮಾಡಿ ತಿಂಡಿ ಆಯ್ತಾ ಅಂತ ಕೇಳ್ತಾನೆ, ಆಯ್ತು ಅಂದ್ಮೇಲೆ ಮಾತ್ರೆ. ಮುಂಚೆ ದುಡ್ಡು ಹಾಕಿದ ದಿನ ಮಾತ್ರ ಫೋನ್ ಬರೋದು.

ಡಬ್ಬಿ ಪೂರ್ತಿ ನಿಲ್ಲಿಸ್ಲಿಲ್ಲ. ವಾರಕ್ಕೆ ಮೂರು ದಿನ ಮಧ್ಯಾಹ್ನದ್ದು ಮಾತ್ರ, ಯಾವ ದಿನ ಅಂತ ಅಜ್ಜಿನೇ ಹೇಳೋದು, ಒಂದು ಊಟಕ್ಕೆ 15 ರೂಪಾಯಿ ಅವರು ಕೊಡೋದು. ದುಡ್ಡು ತಗೊಳ್ಳೋದು ಸರಿನಾ ಅಂತ ನಮ್ಮಲ್ಲಿ ಚರ್ಚೆ ಆಯ್ತು, ನಾನೇ ಹಠ ಮಾಡಿ ತಗೊಳ್ಳೋಣ ಅಂದಿದ್ದು. ಎರಡನೇ ವಾರಕ್ಕೇ "ಸಾರಿಗೆ ಉಪ್ಪು ಜಾಸ್ತಿ, ಒಂದೂವರೆ ಒಳಗೆ ಕಳ್ಸಿ" ಅಂತ ಫೋನ್ ಬಂತು. ನಾಲ್ಕು ತಿಂಗಳಲ್ಲಿ ಅವರು ಮಾಡಿದ ಮೊದಲನೇ ದೂರು.

ಏನಾಯ್ತು

2024ರ ನವೆಂಬರ್‌ಗೆ ತೂಕ 46, ಕುರ್ಚಿ ಪರೀಕ್ಷೆ 14 ಸೆಕೆಂಡ್. ಅಂದ್ರೆ ಇನ್ನೂ ಅಪಾಯದ ಗೆರೆ ಒಳಗೇ ಇದಾರೆ, ವಾಸಿಯಾಗಿದೆ ಅಂತ ಹೇಳೋಕಾಗಲ್ಲ. ನಿಂತಾಗ ಬಿಪಿ ಇಳಿಯೋದು 12ಕ್ಕೆ ಬಂದಿದೆ. ಏಪ್ರಿಲಿಂದ ಈಚೆಗೆ ಒಂದು ಸಲ ಬಿದ್ರು, ಮಳೇಲಿ ಅಂಗಳದಲ್ಲಿ ಜಾರಿ, ಮಂಡಿ ತರಚಿತು, ತಾವೇ ಎದ್ದು ಬಂದ್ರು. ಸೆಪ್ಟೆಂಬರಲ್ಲಿ ಒಂದು ದಿನ ಏಳೂ ಇಪ್ಪತ್ತಾದ್ರೂ ರಂಗೋಲಿ ಇರ್ಲಿಲ್ಲ, ಹುಡುಗಿ ಬಾಗಿಲು ತಟ್ಟಿದ್ರೆ ಅಜ್ಜಿ ಜ್ವರದಲ್ಲಿ ಮಲಗಿದ್ರು, ಅರ್ಧ ಗಂಟೇಲಿ ಸಿಸ್ಟರ್ ಅಲ್ಲಿದ್ರು. ಹಿಂದೆ ಬಚ್ಚಲಲ್ಲಿ ಬಿದ್ದಾಗಿನ ಆ ಅರ್ಧ ಗಂಟೆ ನೆನೆಸ್ಕೊಂಡ್ರೆ ಈ ಏಳೂ ಇಪ್ಪತ್ತು ನನಗೆ ದೊಡ್ಡದಾಗಿ ಕಾಣುತ್ತೆ.

ಕಾರ್ತೀಕದಲ್ಲಿ ಒಂದು ಸೋಮವಾರ ನಂಜನಗೂಡಿಗೆ ಹೋಗ್ಬೇಕು ಅಂದ್ರು, ಎರಡು ವರ್ಷದಿಂದ ಹೋಗಿರ್ಲಿಲ್ಲ. ಬಸ್ಸು ಶಕ್ತಿ ಯೋಜನೇಲಿ ಫ್ರೀ, ಕಷ್ಟ ಇದ್ದಿದ್ದು ಬಸ್ಸಿನ ಮೊದಲ ಮೆಟ್ಟಿಲು. ಅಷ್ಟು ಎತ್ತರದ ಮೆಟ್ಟಿಲು ಯಾವ ವಯಸ್ಸಾದವರಿಗೆ ಅಂತ ಮಾಡಿದಾರೋ ನನಗೆ ಗೊತ್ತಿಲ್ಲ, ಟಿಕೆಟ್ ಉಚಿತ ಮಾಡಿದಷ್ಟೇ ಕಾಳಜಿಯಿಂದ ಅದನ್ನೂ ಇಳಿಸಬೇಕು. ಎರಡು ವಾರ ವಠಾರದ ಜಗಲಿ ಹತ್ತಿ ಇಳಿದು ಅಭ್ಯಾಸ ಮಾಡಿದ್ರು. ಹುಡುಗಿ ಜೊತೆ ಹೋಗಿ ಶ್ರೀಕಂಠೇಶ್ವರನ ದರ್ಶನ ಮಾಡಿ ಸಂಜೆ ಐದಕ್ಕೆ ವಾಪಸ್ ಬಂದ್ರು, ನಮ್ಮೆಲ್ಲರಿಗೂ ಪ್ರಸಾದ ಕಟ್ಕೊಂಡು.

ನಮ್ಮ ನೋಟ್‌ಬುಕ್ಕು ಈಗ ಬೇರೆ ತರ ಇದೆ. ಹೊಸಬರ ಹೆಸರು ಬಂದ್ರೆ ಮೊದಲ ಪುಟದಲ್ಲಿ ಕಾಯಿಲೆ ಬರೆಯಲ್ಲ, ಅವರ ಒಂದು ದಿನ ಬರೀತೀವಿ, ಎದ್ದಾಗಿಂದ ಮಲಗೋವರ್ಗೂ, ಗಂಟೆ ಸಮೇತ, ಅದು ಗೊತ್ತಾಗೋವರ್ಗೂ ಯಾವ ಕೆಲಸಾನೂ ಅವರ ಕೈಯಿಂದ ತೆಗೆಯಲ್ಲ. ತೆಗೆದ್ರೆ ಪಕ್ಕದಲ್ಲಿ ವಾಪಸ್ ಕೊಡೋ ತಾರೀಖು. ಬಿದ್ರೆ ಟೈಮ್. ಬಿಪಿ ಮಲಗಿಸಿ ಒಂದು, ನಿಲ್ಲಿಸಿ ಒಂದು. ಆರು ತಿಂಗಳಿಗೊಂದ್ಸಲ ಮಾತ್ರೆ ಡಬ್ಬಿ ಸುರಿಯೋದು. ಉಳಿದ ಹತ್ತು ಮನೆ ಡಬ್ಬೀನೂ ಇದೇ ಕಣ್ಣಲ್ಲಿ ನೋಡಿದ್ವಿ, ಇನ್ನಿಬ್ಬರು ತಿಂಡಿಗೆ ಮುಂಚೆ ಶುಗರ್ ಮಾತ್ರೆ ತಗೊಂಡು ಡಬ್ಬಿಗೆ ಕಾಯ್ತಿದ್ದೋರು ಸಿಕ್ಕಿದ್ರು, ಆಟೋ ದಾರೀನೇ ಬದಲಾಯಿಸಿದ್ವಿ.

ಹಿಂದಿನ ಬೀದೀಲಿ ಒಬ್ಬರು ತಾತ ಇದಾರೆ, 81, ಹೆಂಡತಿ ಹೋಗಿ ಎರಡು ತಿಂಗಳು. ಮೊನ್ನೆ ಅವರ ಮಗಳು ಫೋನ್ ಮಾಡಿ ಎರಡು ಹೊತ್ತೂ ಡಬ್ಬಿ ಶುರು ಮಾಡ್ಬಿಡಿ ಅಂದ್ರು. ನಾಳೆ ಬೆಳಿಗ್ಗೆ ಆರಕ್ಕೆ ನಾನೂ ಸಿಸ್ಟರೂ ಅವರ ಮನೆಗೆ ಹೋಗಿ ಕೂರ್ತೀವಿ ಅಂತ ಹೇಳಿದೀನಿ. ಅಜ್ಜಿನೂ ಬರ್ತೀನಿ ಅಂದಿದಾರೆ.